ಅಕ್ಕನ ಪರೀಕ್ಷೆಯ ದಿನ ನಾನು ಜರುಗಿಸಿದ ಸ್ವಿಚ್ಚು

ಟಿಕ್. ಉಗುರಿನಿಂದ ತಳ್ಳಿದರೆ ಒಂದು ಪುಟ್ಟ ಪ್ಲಾಸ್ಟಿಕ್ ಸ್ವಿಚ್ಚು ಪಕ್ಕಕ್ಕೆ ಜರುಗುವ ಸದ್ದು ಅದು. ನಾನು ಚಿಕ್ಕವಳಿದ್ದಾಗ, ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದಾಗ, ನಮ್ಮ ಯಶವಂತಪುರದ ಮನೆಯಲ್ಲಿ ಒಂದು ಬೆಳಿಗ್ಗೆ ಆ ಸದ್ದು ಮಾಡಿದವಳು ನಾನೇ. ಅದನ್ನು ಕೂಡಲೇ ಮೊದಲಿದ್ದ ಕಡೆಗೆ ತಳ್ಳಿಬಿಟ್ಟಿದ್ದರೆ ಇವತ್ತು ನಿಮಗೆ ಹೇಳಲು ಕಥೆಯೇ ಇರುತ್ತಿರಲಿಲ್ಲ.

ಆಗ ನನಗೆ ಹನ್ನೊಂದು ವರ್ಷ, ಕಾನ್ವೆಂಟಿನಲ್ಲಿ ಓದುತ್ತಿದ್ದೆ. ಅಕ್ಕ ಇಂಜಿನಿಯರಿಂಗ್ ಎರಡನೇ ವರ್ಷ. ಅವಳ ಕ್ಲಾಸಿನಲ್ಲಿ ಹುಡುಗಿಯರು ಮೂರೇ ಜನ. ಅವಳ ಸೈಂಟಿಫಿಕ್ ಕ್ಯಾಲ್ಕುಲೇಟರನ್ನು ಮಸ್ಕತ್‌ನಲ್ಲಿದ್ದ ಮಾವ ತಂದುಕೊಟ್ಟಿದ್ದರು. ಸೋಪಿನ ಡಬ್ಬಿಯಷ್ಟು ದಪ್ಪ, ಕಪ್ಪು ರೆಕ್ಸಿನ್ ಚೀಲ, ಜಿಪ್ ಎಳೆದರೆ ಹೊಸ ಚಪ್ಪಲಿಯ ವಾಸನೆ. ಆನ್ ಮಾಡಿದರೆ ಗಾಜಿನ ಹಿಂದೆ ಅಂಕಿಗಳು ದಾಳಿಂಬೆ ಕಾಳಿನ ಹಾಗೆ ಕೆಂಪಗೆ ಹೊಳೆಯುತ್ತಿದ್ದವು. ಅದನ್ನು ಮುಟ್ಟಲು ನನಗೆ ಪರ್ಮಿಷನ್ ಇರಲಿಲ್ಲ. ಬ್ಯಾಟರಿ ಬೇಗ ಮುಗಿಯುತ್ತಿದ್ದರಿಂದ ಅಕ್ಕನೂ ಅದನ್ನು ಸುಮ್ಮನೆ ಒತ್ತುತ್ತಿರಲಿಲ್ಲ. ಲೆಕ್ಕ ಓದಿ, ಉತ್ತರ ಸುಮಾರು ಎಷ್ಟಿರಬಹುದು ಎಂದು ಪೆನ್ಸಿಲಿನಲ್ಲಿ ಹಾಳೆಯ ಅಂಚಿಗೆ ಬರೆದು, ಆಮೇಲೆ ಆನ್ ಮಾಡುತ್ತಿದ್ದಳು. ಅದು ಅಪ್ಪ ಹಚ್ಚಿದ ಅಭ್ಯಾಸ. ಅಪ್ಪ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದರು. ಲೋಹದ ತುಂಡನ್ನು ಮೊದಲು ಎರಡು ಬೆರಳಲ್ಲಿ ಹಿಡಿದು ಅದರ ದಪ್ಪ ಹೇಳಿ, ಆಮೇಲಷ್ಟೇ ಗೇಜ್ ಇಟ್ಟು ಅಳೆಯುವವರು. ಇತ್ತೀಚೆಗೆ ಅಕ್ಕನಿಗೆ ಅದು ಬೇಜಾರಾಗಿತ್ತು. ಮಿಷಿನ್ ಇರುವಾಗ ಅಂದಾಜು ಯಾಕೆ ಎಂದು ಅಪ್ಪನ ಜೊತೆ ವಾದ ಮಾಡುತ್ತಿದ್ದಳು.

ಮೆಕ್ಯಾನಿಕ್ಸ್ ಪೇಪರಿನಲ್ಲಿ ಅವಳು ಒಮ್ಮೆ ಫೇಲಾಗಿದ್ದಳು. ಈ ಸಲವೂ ಹೋದರೆ ಮುಂದಿನ ವರ್ಷಕ್ಕೆ ಹೋಗುವಂತಿಲ್ಲ. ಒಂದು ಭಾನುವಾರ ಅಪ್ಪ ತಟ್ಟೆ ನೋಡಿಕೊಂಡೇ ಹೇಳಿದ್ದರು, "ಇನ್ನೊಂದ್ ಸಲ ಆಗ್ಲಿಲ್ಲ ಅಂದ್ರೆ ಸಾಕು ಕಣಮ್ಮ. ಟೈಪಿಂಗ್ ಸೇರ್ಕೊ." ಅಕ್ಕ ತಟ್ಟೆ ಎತ್ತಿಕೊಂಡು ಎದ್ದುಹೋದಳು. ಅವತ್ತಿನಿಂದ ಅವಳ ರೂಮಿನ ಬಾಗಿಲು ಮುಚ್ಚಿಯೇ ಇರುತ್ತಿತ್ತು.

ಪರೀಕ್ಷೆ ಮಧ್ಯಾಹ್ನ ಎರಡಕ್ಕೆ. ಬೆಳಿಗ್ಗೆ ಅವಳು ತಲೆಗೆ ಸ್ನಾನ ಮಾಡುತ್ತಿದ್ದಾಗ ನಾನು ಚೀಲದ ಜಿಪ್ ಎಳೆದೆ. ಕೆಂಪು ಅಂಕಿಗಳನ್ನು ಒಂದು ಸಲ ನೋಡಿ ಇಟ್ಟುಬಿಡೋಣ ಅಂತ ಅಷ್ಟೇ. ಆನ್ ಮಾಡಿ ನೋಡಿದೆ. ಗಾಜಿನ ಕೆಳಗೆ, ಆನ್ ಸ್ವಿಚ್ಚಿನ ಪಕ್ಕ, ಇನ್ನೊಂದು ಪುಟ್ಟ ಸ್ವಿಚ್ಚಿತ್ತು. ತಳ್ಳಿದೆ. ಏನೂ ಆಗಲಿಲ್ಲ. ಬಚ್ಚಲಿನ ಚಿಲಕ ಅಲ್ಲಾಡಿದ್ದೇ ಕ್ಯಾಲ್ಕುಲೇಟರ್ ಆಫ್ ಮಾಡಿ ಚೀಲಕ್ಕೆ ತುರುಕಿ ಹಿತ್ತಲಿಗೆ ಓಡಿದೆ.

ಹನ್ನೆರಡೂವರೆಗೆ ಅಕ್ಕ ಹೊರಟಳು. ಅಮ್ಮ ಆರ್.ಟಿ. ನಗರದ ಚಿಕ್ಕಮ್ಮನ ಮನೆಗೆ ಹೋಗಿದ್ದರು. ಅಪ್ಪ ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ್ದರು. ಅಕ್ಕನ ಟೇಬಲ್ ಮೇಲೆ ಕ್ಯಾಲ್ಕುಲೇಟರಿನ ಇಂಗ್ಲಿಷ್ ಪುಸ್ತಿಕೆ ಇತ್ತು. ಅಪ್ಪನಿಗೆ ಕೇಳಿಸದಂತೆ ಬಾಗಿಲು ಮುಚ್ಚಿಕೊಂಡು, ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹಾಗೆ ಗಟ್ಟಿಯಾಗಿ, ಸ್ಟೈಲಾಗಿ ಓದತೊಡಗಿದೆ. ಕೋನವನ್ನು ಡಿಗ್ರಿಯಲ್ಲೂ ಅಳೆಯಬಹುದು, ರೇಡಿಯನ್ ಎಂಬ ಬೇರೆ ಅಳತೆಯಲ್ಲೂ ಅಳೆಯಬಹುದು. ಸ್ವಿಚ್ಚು ಯಾವ ಕಡೆ ಇದೆ ಎಂದು ಮೊದಲು ನೋಡಿ, ಇಲ್ಲವಾದರೆ ಕೋನವಿರುವ ಪ್ರತಿಯೊಂದು ಲೆಕ್ಕವೂ ತಪ್ಪು ಬರುತ್ತದೆ, ಎಂದಿತ್ತು. ಪಕ್ಕದಲ್ಲಿ ಸ್ವಿಚ್ಚಿನ ಚಿತ್ರ. ನನ್ನ ದನಿ ಅಲ್ಲಿಗೇ ನಿಂತಿತು. ನಾನು ತಳ್ಳಿದ್ದು ಅದನ್ನೇ.

ಅಪ್ಪನನ್ನು ಹಗಲು ಎಬ್ಬಿಸಬಾರದು ಎನ್ನುವುದು ನಮ್ಮ ಮನೆಯ ರೂಲ್. ಬಾಗಿಲ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೋ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಅವರ ಕಾಲಿನ ಹೆಬ್ಬೆರಳು ಮುಟ್ಟಿದೆ. ಅಳುತ್ತಾ ಎಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ. ಎದ್ದು ಗೋಡೆ ಗಡಿಯಾರ ನೋಡಿದರು, ಶರ್ಟ್ ಸಿಕ್ಕಿಸಿಕೊಂಡರು, ಸೈಕಲ್ ಹೊರಗೆ ತಂದರು. ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಕ್ಯಾರಿಯರ್ ಮೇಲೆ ಕೂತು ಅವರ ಬೆನ್ನನ್ನೇ ನೋಡುತ್ತಿದ್ದೆ. ರೈಲ್ವೆ ಗೇಟ್ ಹಾಕಿತ್ತು. ಗೂಡ್ಸ್ ಗಾಡಿ ಬಂತು, ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲ. ಕಲ್ಲಿದ್ದಲ ಪುಡಿ ಹಾರಿ ಹಲ್ಲಿನ ನಡುವೆ ಕರಕರ ಅನ್ನುತ್ತಿತ್ತು. ನಾನು ಗೊತ್ತಿದ್ದ ಪ್ರೇಯರ್‌ಗಳನ್ನೆಲ್ಲ ಹೇಳಿದೆ, ಇಂಗ್ಲಿಷಿನದೂ, ಅಮ್ಮನ ದೇವರ ಮನೆಯದೂ. ಗೇಟ್ ತೆಗೆದಾಗ ಅಪ್ಪ ಸೀಟಿನಿಂದ ಎದ್ದು ನಿಂತು ಪೆಡಲ್ ತುಳಿದರು.

ಕಾಲೇಜು ಮುಟ್ಟುವಷ್ಟರಲ್ಲಿ ಬೆಲ್ ಹೊಡೆದು ಹದಿನೈದು ನಿಮಿಷವಾಗಿತ್ತು. ಗೇಟಿನಲ್ಲಿದ್ದ ವಾಚ್‌ಮನ್ ಹುಬ್ಬಳ್ಳಿ ಕಡೆಯವರು, ದೊಡ್ಡ ಮೀಸೆ. ಅಪ್ಪ ಉಸಿರು ಎಳೆದುಕೊಳ್ಳುತ್ತಾ ವಿಷಯ ಹೇಳಿ, ಒಂದೇ ಒಂದು ಚೀಟಿ ಒಳಗೆ ಕೊಡಬೇಕು ಎಂದರು. ಕೈಯನ್ನೂ ಜೋಡಿಸಿದರು. ಅಪ್ಪ ದೇವಸ್ಥಾನದ ಹೊರಗೆ ಯಾರಿಗಾದರೂ ಕೈ ಜೋಡಿಸಿದ್ದನ್ನು ನಾನು ನೋಡಿರಲಿಲ್ಲ.

ವಾಚ್‌ಮನ್ ನನ್ನ ಮುಖ ನೋಡಿದರು, ಅಪ್ಪನ ಮುಖ ನೋಡಿದರು. "ಚೀಟಿ ಒಯ್ದು ಕೊಡೂದು ನನಗೇನ್ ದೊಡ್ಡದಲ್ರಿ," ಎಂದರು. "ಆದ್ರ ಪರೀಕ್ಷಾ ಹಾಲ್‌ನ್ಯಾಗ ಚೀಟಿ ಅಂದ್ರ ಕಾಪಿ. ನಿಮ್ಮ ಮಗಳನ್ನ ಎಬ್ಬಿಸಿ ಹೊರಗ ಹಾಕ್ತಾರ. ಹೇಳ್ರಿ, ಒಯ್ಯಲೇನು?"

ಅಪ್ಪ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಆಮೇಲಿನ ಎರಡು ಮುಕ್ಕಾಲು ಗಂಟೆ ನಾವಿಬ್ಬರೂ ಗೇಟಿನೆದುರು ಮಳೆಮರದ ಕೆಳಗೆ ಕೂತೆವು. ವಾಚ್‌ಮನ್ ನನಗೆ ನೀರು ತಂದುಕೊಟ್ಟು, "ಏನವ್ವ, ನಿಮ್ಮಕ್ಕನಕಿಂತ ನೀನಾ ದೊಡ್ಡ ಇಂಜಿನಿಯರ್ ಆದಿ," ಎಂದು ನಗಿಸಲು ನೋಡಿದರು. ಒಳಗಿನಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಟೈಪಿಂಗ್ ಮಿಷಿನ್ ಮುಂದೆ ಅಕ್ಕ ಬೆನ್ನು ಬಗ್ಗಿಸಿ ಕೂತಿರುವುದು ಮಾತ್ರ ನನ್ನ ಕಣ್ಣೆದುರು ಕಟ್ಟಿತ್ತು. ಅಪ್ಪ ಒಂದೇ ಒಂದು ಮಾತು ಕೇಳಿದರು, "ಅಂಚಲ್ಲಿ ಪೆನ್ಸಿಲಲ್ಲಿ ಬರೀತಾಳಲ್ವಾ, ಈಗ್ಲೂ?" ನನಗೆ ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಐದಕ್ಕೆ ಬೆಲ್ ಹೊಡೆಯಿತು. ಹುಡುಗರ ಗುಂಪಿನ ಹಿಂದೆ ಅಕ್ಕ ಬಂದಳು. ಕಣ್ಣು ಕೆಂಪಾಗಿತ್ತು, ಬೆರಳ ತುಂಬ ಇಂಕು. ನಮ್ಮನ್ನು ನೋಡಿ ಗಾಬರಿಯಾದಳು, ಅಮ್ಮನಿಗೆ ಏನಾದರೂ ಆಯಿತಾ ಎಂದು ಕೇಳಿದಳು. ಇಲ್ಲ ಎಂದಮೇಲೆ, "ಅಪ್ಪ, ಮಿಷಿನ್ ಕೆಟ್ಹೋಗಿದೆ," ಎಂದು ಅಲ್ಲೇ ಅತ್ತಳು.

ಮೊದಲ ಲೆಕ್ಕದಲ್ಲಿ ನೂರು ಕಿಲೋ ಬಲದಲ್ಲಿ ಅರವತ್ತು ಡಿಗ್ರಿ ಕೋನಕ್ಕೆ ಎಳೆದ ಹಗ್ಗ ಇತ್ತಂತೆ, ಅದರಲ್ಲಿ ಅಡ್ಡಕ್ಕೆ ಎಳೆಯುವ ಬಲ ಎಷ್ಟು ಎಂದು ಹೇಳಬೇಕು. ಅಭ್ಯಾಸಬಲದಿಂದ ಅಂಚಿನಲ್ಲಿ ಐವತ್ತು ಎಂದು ಬರೆದಿದ್ದಳು. ಕ್ಯಾಲ್ಕುಲೇಟರ್ ಮೈನಸ್ ತೊಂಬತ್ತೈದು ತೋರಿಸಿತು. ಮತ್ತೆ ಒತ್ತಿದಳು, ಮತ್ತೆ ಅದೇ. ಒತ್ತುತ್ತಾ, ಅಳಿಸುತ್ತಾ ಅರ್ಧ ಗಂಟೆ ಹೋಯಿತು. ಮಿಷಿನನ್ನು ನಂಬಲೇ, ಪೆನ್ಸಿಲನ್ನು ನಂಬಲೇ ಎಂದು ಕೂತಿದ್ದು, ಕಡೆಗೆ ಅದನ್ನು ಆಫ್ ಮಾಡಿ ಇನ್‌ವಿಜಿಲೇಟರ್ ಹತ್ತಿರ ಲಾಗ್ ಟೇಬಲ್ ಪುಸ್ತಕ ಕೇಳಿ ತೆಗೆದುಕೊಂಡಳು. ಉಳಿದದ್ದನ್ನೆಲ್ಲ ಕೈಯಲ್ಲೇ ಮಾಡಿದಳು. ಒಂದು ಪ್ರಶ್ನೆ ಪೂರ್ತಿ ಬಿಟ್ಟುಹೋಗಿತ್ತು. ಸ್ವಿಚ್ಚಿನ ಯೋಚನೆ ಅವಳಿಗೆ ಬಂದೇ ಇರಲಿಲ್ಲ. ಅದನ್ನು ಅವಳು ಯಾವತ್ತೂ ಜರುಗಿಸಿದವಳಲ್ಲ.

ಅಪ್ಪ ನನ್ನ ಕಡೆ ನೋಡಿದರು. ಅವರೇ ಹೇಳಬಹುದಿತ್ತು, ಹೇಳಲಿಲ್ಲ. ನಾನೇ ಹೇಳಿದೆ. ಅಕ್ಕ ಕೈ ಎತ್ತಿದಳು, ಹೊಡೆಯಲಿಲ್ಲ, ಇಳಿಸಿದಳು. ರಿಸಲ್ಟ್ ಬರುವ ತನಕ ನನ್ನ ಜೊತೆ ಮಾತಾಡಲಿಲ್ಲ. ಆ ದಿನಗಳು ನನಗೆ ಮಳೆಮರದ ಕೆಳಗಿನ ಮಧ್ಯಾಹ್ನಕ್ಕಿಂತಲೂ ಉದ್ದವಾಗಿದ್ದವು. ಅವಳು ಪಾಸಾದಳು, ಅಂಚಿನಲ್ಲೇ. ಪಾಸಾದ ದಿನ ನನಗೆ ಹೊಸ ಹೆಸರಿಟ್ಟಳು: ರೇಡಿಯನ್.

ನಿಮ್ಮ ಫೋನಿನಲ್ಲಿ ಕ್ಯಾಲ್ಕುಲೇಟರ್ ಎಲ್ಲೋ ಒಂದು ಮೂಲೆಯಲ್ಲಿ ಇರುತ್ತದೆ ಮಕ್ಕಳೇ, ಅದು ಏನು ತೋರಿಸಿದರೂ ಸರಿ ಎಂದು ಬರೆದುಕೊಳ್ಳುತ್ತೀರಿ. ತಪ್ಪು ಮಾಡಿದರೆ ಅರೆಕ್ಷಣದಲ್ಲಿ ಸಾರಿ ಎಂದು ಮೆಸೇಜ್ ಹೋಗುತ್ತದೆ, ಜೊತೆಗೆ ಅಳುವ ಮುಖದ ಚಿತ್ರ ಬೇರೆ. ಮುಚ್ಚಿದ ಗೇಟಿನ ಹೊರಗೆ ತಪ್ಪನ್ನು ಬಾಯಲ್ಲಿಟ್ಟುಕೊಂಡು ಕಾಯುವುದು ನಿಮಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ ಎಂದು ಒಂದು ಮನಸ್ಸು ಹೇಳುತ್ತದೆ.

ಅಕ್ಕ ಮೂವತ್ತು ವರ್ಷ ಸೇತುವೆಗಳ ಡಿಸೈನ್ ಮಾಡಿದಳು. ಅವಳನ್ನು ಕೊನೆಯ ಸಲ ನೋಡಿದ್ದು ಹೆಬ್ಬಾಳದ ಫ್ಲೈಓವರ್ ಕೆಳಗೆ, ಅವಳು ಏರ್‌ಪೋರ್ಟ್ ಬಸ್ಸಿಗೆ ಕಾಯುವಾಗ. ರಸ್ತೆ ದಾಟಲು ಹೆದರಿ ನಾನು ಅವಳ ತೋಳು ಹಿಡಿದುಕೊಂಡಿದ್ದೆ. "ಅವತ್ತು ಸುಮ್ನಿದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಕಣೇ," ಎಂದಳು ಇದ್ದಕ್ಕಿದ್ದಂತೆ, "ಯಾಕ್ ಹೇಳ್ದೆ?" ಹೆದರಿಕೆಯಾಗಿ ಹೇಳಿದೆ ಎಂದೆ. ನಕ್ಕಳು. ಬಸ್ ಬಂತು. ಮೆಟ್ಟಿಲು ಹತ್ತಿ, ಕಿಟಕಿ ಪಕ್ಕ ಕೂತು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದಳು. ಬಸ್ ತಿರುಗುವ ತನಕ ಒರೆಸುತ್ತಲೇ ಇದ್ದಳು, ನಾನು ಕೈ ಬೀಸಿದ್ದನ್ನು ನೋಡಲಿಲ್ಲ.