ಎಲ್ಸಿ ಆಂಟಿಯ ಕಣಿವೆ ದಂಡಯಾತ್ರೆ

ಹಿಂದಿನ ಚಕ್ರವರ್ತಿಗಳು ದಂಡೆತ್ತಿ ಹೋಗುವಾಗ ಭೇರಿ ಬಾರಿಸುತ್ತಿದ್ದರು. ಗಲ್ಫಿನ ದೇರಾದ ಎಲ್ಸಿ ಆಂಟಿ ಸೈಕಲ್ ಬೆಲ್ ಬಾರಿಸುತ್ತಾರೆ. ಬೆಕ್ಕಿಗೆ, ಮೀನು ಮಾರುಕಟ್ಟೆಯ ಕೈಗಾಡಿಗೆ, ಯಾರೂ ಇಲ್ಲದ ತಿರುವಿಗೆ. ಒಮ್ಮೆ ಕೆಟ್ಟು ನಿಂತಿದ್ದ ಬಸ್ಸಿಗೂ ಬಾರಿಸಿದರು, ಬಸ್ಸು ಹೊರಟಿತು. ಅದು ಬೆಲ್ಲಿನದೇ ಪ್ರತಾಪವೆಂದು ಅವರ ಬಿಲ್ಡಿಂಗಿನಲ್ಲಿ ಇಂದಿಗೂ ನಂಬುವವರಿದ್ದಾರೆ.

ಆಂಟಿಗೆ ಐವತ್ತಮೂರು. ಊರು ಶಿರ್ವ, ಕೆಲಸ ಆಸ್ಪತ್ರೆಯ ರಿಸೆಪ್ಶನ್ನಿನಲ್ಲಿ. ಸೈಕಲನ್ನು ಲಿಫ್ಟಿಗೆ ಹಾಕಲು ವಾಚ್‌ಮನ್ ಯಾಕೂಬ್ ಬಿಡದ ಕಾರಣ ದಿನಾ ಅದನ್ನು ಹೊತ್ತು ನಾಲ್ಕು ಮಹಡಿ ಹತ್ತುತ್ತಾರೆ. ಅವರ ಪರ್ವತಾಭ್ಯಾಸ ಇಷ್ಟೇ.

ಈದ್ ರಜೆಗೆ ಕನ್ನಡಿಗರ ಸೈಕಲ್ ಕೂಟ ಕಿರ್ಗಿಸ್ತಾನದ ಹುಲ್ಲುಗಾವಲ ಕಣಿವೆಗೆ ಹೊರಟಾಗ ನಾಯಕ ಪೃಥ್ವಿರಾಜ್ ಒಂದು ಕಾನೂನು ಮಾಡಿದ: ಸಾಮಾನು ಹೊತ್ತು ಹಿಂದೆ ಬರುವ ವ್ಯಾನನ್ನು ನಡುದಾರಿಯಲ್ಲಿ ಹತ್ತಿದವರಿಗೆ ಮುಂದಿನ ವರ್ಷದ ಯಾತ್ರೆ ಇಲ್ಲ. ಕಾನೂನು ಯಾರಿಗಾಗಿ ಎಂಬುದು ಎಲ್ಲರಿಗೂ ತಿಳಿದಿತ್ತು.

"ಆಂಟಿ, ವ್ಯಾನಲ್ಲಿ ನಿಮ್ಗೊಂದು ಸೀಟು ಇಟ್ಟಿದ್ದೇವೆ. ದಿಂಬು ಸಹ ಉಂಟು."

"ದಿಂಬು ನೀನೇ ಇಟ್ಕೊ ಮಗಾ. ಯಲ್ಲಾ, ನಡಿ, ತುಳಿ!"

ಮೂರನೇ ದಿನ, ಕೊನೆಯ ಏರಿನ ಬುಡದಲ್ಲಿ, ಸಾವಿರ ಕುರಿಗಳು ದಾರಿಗೆ ಅಡ್ಡ ನಿಂತವು. ಪೃಥ್ವಿರಾಜನ ದುಬಾರಿ ಸೈಕಲ್ಲಿಗೆ ಬೆಲ್ ಇಲ್ಲ, ಭಾರವೆಂದು ತೆಗೆಸಿದ್ದ. ತುಳುವಿನಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ವಿನಂತಿಸಿದ. ಕುರಿಗಳು ಮೇಯುತ್ತಲೇ ಇದ್ದವು. ಆಂಟಿ ಒಮ್ಮೆ ಬಾರಿಸಿದರು: ಟ್ರಿಣ್! ಉಣ್ಣೆಯ ಸಮುದ್ರ ಎರಡಾಗಿ ಸೀಳಿತು.

ಕುರಿಗಳ ಒಡತಿ ಕುದುರೆಯಿಂದ ಬೀಳುವಷ್ಟು ನಕ್ಕಳು. ಆಂಟಿ, ಪೃಥ್ವಿರಾಜ್ ಇಬ್ಬರನ್ನೂ ತನ್ನ ಗುಡಾರಕ್ಕೆ ಕರೆದು ಹುಳಿ ಹಿಡಿದ ಕುದುರೆ ಹಾಲು ಕೊಟ್ಟಳು. ಆಂಟಿ ಒಂದು ಗುಟುಕು ಕುಡಿದು ಕೈಮುಗಿದರು. ಕುರಿಗಳೆದುರು ಹೋದ ಮಾನವನ್ನು ಮರಳಿ ಪಡೆಯಲು ಪೃಥ್ವಿರಾಜ್ ಮೂರು ಬಟ್ಟಲು ಏರಿಸಿದ. ಅರ್ಧ ಗಂಟೆಯಲ್ಲಿ ಹೊಟ್ಟೆ ಹಿಡಿದುಕೊಂಡು ವ್ಯಾನಿನಲ್ಲಿ ಮಲಗಿದ. ತಲೆಯಡಿ ಅದೇ ದಿಂಬು.

ಏರು ಹನ್ನೊಂದು ಕಿಲೋಮೀಟರ್. ಆಲಿಕಲ್ಲು ಬಿತ್ತು, ಆಂಟಿ ತುಳಿದರು. ದಾರಿ ಕೆಸರಾಯಿತು, ತುಳಿದರು. ಡ್ರೈವರ್ ಎರಡು ಸಲ ಬಾಗಿಲು ತೆರೆದು ಕರೆದ. "ಮಾಫಿ, ಮಾಫಿ" ಎಂದು, ಬೇಡವೇ ಬೇಡವೆಂದು ತಲೆಯಾಡಿಸಿ, ತುಳಿದರು. ಸಂಜೆ ಐದಕ್ಕೆ ಬೆಟ್ಟದ ನೆತ್ತಿಯಲ್ಲಿ ನಿಂತು ಇಡೀ ಕಣಿವೆಗೆ ಬೆಲ್ ಬಾರಿಸಿದರು. ಕೆಳಗೆ ಯಾವುದೋ ಗುಡಾರದ ನಾಯಿ ಬೊಗಳಿ ಒಪ್ಪಿಗೆ ಸೂಚಿಸಿತು.

ದೇರಾಕ್ಕೆ ಮರಳಿದ ಮೇಲೆ ಕೂಟದವರು ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನಿಸಿದರು. ತನ್ನದೇ ಕಾನೂನಿಗೆ ಬಲಿಯಾಗಿ ಮುಂದಿನ ವರ್ಷದ ಪಟ್ಟಿಯಿಂದ ಹೊರಬಿದ್ದಿದ್ದ ಪೃಥ್ವಿರಾಜನೇ ಮೈಕ್ ಹಿಡಿದ.

"ಆಂಟಿ, ಅಷ್ಟು ಕಷ್ಟದಲ್ಲೂ ನೀವು ವ್ಯಾನ್ ಹತ್ತಲಿಲ್ಲ. ಆ ಛಲ ನಿಮ್ಗೆ ಎಲ್ಲಿಂದ ಬಂತು?"

"ಛಲ ಎಂತದು ಮಾರಾಯ? ಗುಡ್ಡೆಯ ತಿರುವಲ್ಲಿ ವ್ಯಾನಿಗೆ ಕೂತ್ರೆ ನಂಗೆ ವಾಂತಿ ಬರ್ತದೆ."