ಕರೆಗೆ ಉತ್ತರಿಸದ ಹದಿನೇಳು ಮಂದಿ

ಕಚೇರಿಯವರೆಲ್ಲ ‘ಪ್ರಶ್ನೆಯಕ್ಕ’ ಎಂದೇ ಕರೆಯುತ್ತಿದ್ದ ಅವರಿಗೆ ಆಗ ಐವತ್ತೆಂಟು ವರ್ಷ. ಮನೆಯಲ್ಲಿ ಬಡಗಿ ಗಂಡ, ಮದುವೆಯಾಗದ ತಂಗಿ, ಒಬ್ಬಳೇ ಮಗಳು. ವರ್ಷಗಟ್ಟಲೆ ಕೆಲಸವಿಲ್ಲದೆ ಕುಳಿತವರಿಗೆ ನಡೆಸುವ ತರಬೇತಿಗಳು ಫಲ ಕೊಟ್ಟಿವೆಯೇ ಎಂದು ಪರಿಶೀಲಿಸುವುದು ಅವರ ವೃತ್ತಿ.

ಒಂದು ಹೊಲಿಗೆ ತರಬೇತಿ ಕೇಂದ್ರವನ್ನು ಮುಚ್ಚಿಸುವ ವರದಿಗೆ ಅವರ ಸಹಿಯೊಂದೇ ಬಾಕಿಯಿತ್ತು. ಅಲ್ಲಿ ಕಲಿತ ಮೂವತ್ತು ಮಂದಿಯಲ್ಲಿ ಹದಿನೇಳು ಮಂದಿ ದೂರವಾಣಿ ಕರೆಗೆ ಉತ್ತರಿಸಿರಲಿಲ್ಲ; ಅವರೆಲ್ಲರ ಹೆಸರಿನ ಮುಂದೆ ‘ಕೆಲಸವಿಲ್ಲ’ ಎಂದು ಬರೆಯಲಾಗಿತ್ತು.

“ಎಷ್ಟು ಗಂಟೆಗೆ ಫೋನ್ ಮಾಡಿದ್ರಿ?” ಎಂದು ಅವರು ಗುಮಾಸ್ತನನ್ನು ಕೇಳಿದರು.

“ಹನ್ನೊಂದಕ್ಕೆ, ಅಕ್ಕಾ. ಕಚೇರಿ ಸಮಯ ಅದೇ ಅಲ್ವಾ?”

“ಕೆಲಸ ಸಿಕ್ಕಿದ್ರೆ ಅವರಿಗೂ ಅದೇ ಸಮಯ ಅಲ್ವೇನಪ್ಪಾ?”

ಮರುದಿನ ಊಟದ ಬಿಡುವಿನ ಹೊತ್ತಿಗೆ ಅವರು ಆ ಕೇಂದ್ರದ ಸಮೀಪದ ಸಿದ್ಧ ಉಡುಪಿನ ಕಾರ್ಖಾನೆಗೆ ಹೋದರು. ಕೆಲಸಗಾರರು ಒಳಹೋಗುವ ಮುನ್ನ ಇಟ್ಟ ಫೋನುಗಳು ಬಾಗಿಲ ಪಕ್ಕದ ಗೂಡುಗಳಲ್ಲಿ ಸಾಲಾಗಿದ್ದವು. ಅಲ್ಲಿ ಆ ಹದಿನೇಳರಲ್ಲಿ ಹನ್ನೊಂದು ಮಂದಿ ಸಿಕ್ಕರು. ಸೆರಗಿನ ದಾರದ ಚೂರುಗಳನ್ನು ಕೊಡವುತ್ತ ಒಬ್ಬಾಕೆ ನಕ್ಕಳು:

“ಆರು ವರ್ಷ ಸುಮ್ನೆ ಮನೇಲಿದ್ದೆ ಅಕ್ಕಾ, ಒಂದು ನರಪಿಳ್ಳೇನೂ ಫೋನ್ ಮಾಡ್ಲಿಲ್ಲ. ಈಗ ಮಾಡ್ತೀರಾ, ಎತ್ತೋಕೆ ನಂಗೆ ಪುರುಸೊತ್ತಿಲ್ಲ!”

ಪ್ರಶ್ನೆಯಕ್ಕ ಸಹಿ ಹಾಕಲಿಲ್ಲ. ವರದಿಯನ್ನು ಮೊದಲಿನಿಂದ ಬರೆದರು, ಕೇಂದ್ರ ಉಳಿಯಿತು.

ಎರಡು ವರ್ಷಗಳ ನಂತರ ನಿವೃತ್ತರಾದಾಗ ಅವರು ಕಚೇರಿಯಲ್ಲಿ ಬಿಟ್ಟುಹೋದದ್ದು: ಹಿಡಿ ಸಡಿಲಾದ ಒಂದು ಕೊಡೆ, ಹಿಮ್ಮಡಿ ಸವೆದ ಚಪ್ಪಲಿ, ‘ಸಂಜೆ ಆರರ ಮೇಲೆ ಮತ್ತೆ ಕರೆ ಮಾಡಿ’ ಎಂದು ಪರಿಶೀಲನೆಯ ನಮೂನೆಯಲ್ಲಿ ತಾವೇ ಸೇರಿಸಿದ ಒಂದು ಸಾಲು.