ದೀಪ ಹಚ್ಚಿದ ಮೇಲೆ ರಿಯಾಲು ಕೇಳಿದ್ದು

ಮಗಳು ಹಡೆದದ್ದು ಮಸ್ಕತ್ತಿನಲ್ಲಿ. ಮೊದಲ ಬಾಣಂತನ ತವರಿನಲ್ಲಿ ಆಗಬೇಕು ಅನ್ನುವುದು ನಮ್ಮ ಕಡೆಯ ಕ್ರಮ. ಆದರೆ ಅಳಿಯ ಅಲ್ಲಿ ಹೊಸದಾಗಿ ಊಟದ ಹೋಟೆಲು ತೆರೆದಿದ್ದ, ಮಗಳು ಅದರ ವ್ಯವಹಾರ ನೋಡುತ್ತಿದ್ದಳು, ಇಬ್ಬರಿಗೂ ಬಿಟ್ಟು ಬರಲು ಆಗಲಿಲ್ಲ. ಹಾಗಾಗಿ ತವರೇ ಅಲ್ಲಿಗೆ ಹೋಯಿತು. ಅಂದರೆ ನನ್ನ ಹೆಂಡತಿ ಹೋದಳು. ನಾನು ಬ್ರಹ್ಮಾವರದ ಮನೆಯಲ್ಲಿ ಗಂಜಿ ಬೇಯಿಸಿಕೊಂಡು, ತೆಂಗಿನಕಾಯಿ ಕೀಳಿಸಿಕೊಂಡು ಉಳಿದೆ. ಮಗುವಿಗೆ ಎರಡು ತಿಂಗಳಾಗುವ ಹೊತ್ತಿಗೆ ನನಗೂ ಟಿಕೆಟು ಬಂತು.

ಟಿಕೆಟು ಬಂದ ದಿನವೇ ಹೆಂಡತಿಯ ಫೋನು.

"ಹ್ವಾಯ್, ಶಿಶು ಕಾಂಬುಕ್ ಬಪ್ಪತಿಗೆ ಬರಿಗೈಯಗ್ ಬರ್ಬೇಡಿ. ಕೈಗ್ ಹಾಕುಕ್ ಎಂತಾರೂ ತಕಂಡ್ ಬನ್ನಿ."

ಇದನ್ನು ಅವಳು ನನಗೆ ಹೇಳಿಕೊಡಬೇಕೇ? ನಮ್ಮಲ್ಲಿ ಶಿಶುವನ್ನು ಮೊದಲ ಸಲ ನೋಡುವ ಹಿರಿಯರು ಅದರ ಮುಷ್ಟಿ ಬಿಡಿಸಿ ಸ್ವಲ್ಪ ಹಣ ಇಡುತ್ತಾರೆ. ಹನ್ನೊಂದೋ, ಐವತ್ತೊಂದೋ, ನೂರಾ ಒಂದೋ, ಕೊನೆಯಲ್ಲಿ ಒಂದು ಇರಲೇಬೇಕು. ಅಜ್ಜನಾದವನು ಇಡದಿದ್ದರೆ ನೋಡಿದ ಹಾಗೇ ಅಲ್ಲ. ನನಗಿದ್ದದ್ದು ಒಬ್ಬಳೇ ಮಗಳು, ಇದು ಮೊದಲ ಮೊಮ್ಮಗಳು. ಹೋಟೆಲು ನೆಲೆ ನಿಲ್ಲುವ ತನಕ ಊರಿನ ಕಡೆ ಬರುವುದು ಕಷ್ಟ ಅಂತ ಮಗಳು ಬೇರೆ ಹೇಳಿಬಿಟ್ಟಿದ್ದಳು. ಹಾಗಾಗಿ ಆ ಪುಟ್ಟ ಮುಷ್ಟಿಗೆ ನನ್ನ ಕೈಯಿಂದ, ನನ್ನದೇ ದುಡ್ಡು ಬೀಳಬೇಕು ಅನ್ನುವುದು ನನಗೆ ಹಟವಾಯಿತು. ಅಳಿಯನ ಹತ್ತಿರ ಕೈಸಾಲ ಕೇಳಿ ಅವನ ಮಗುವಿನ ಕೈಗೇ ಇಡುವುದು ಮರ್ಯಾದೆಯ ಮಾತಲ್ಲ.

ಅದು ಅಲ್ಲಿಯ ದುಡ್ಡೇ ಆಗಬೇಕು ಅನ್ನುವುದೂ ನನ್ನದೇ ಹಟ. ಹುಬ್ಬಳ್ಳಿಯಲ್ಲಿ ಅರ್ಧ ಆಯುಷ್ಯ ಹೋಟೆಲಿನ ಗಲ್ಲಾದ ಮೇಲೆ ಕೂತವನು ನಾನು. ಅಂಗಡಿಯಲ್ಲಿ ನಡೆಯದ ನೋಟು ಬರೀ ಕಾಗದ, ಇದು ನನ್ನ ಸಿದ್ಧಾಂತ. ಮೊಮ್ಮಗಳು ಹುಟ್ಟಿದ ಊರಿನಲ್ಲಿ ಒಂದು ಬಾಳೆಹಣ್ಣೂ ಸಿಗದ ದುಡ್ಡನ್ನು ಅವಳ ಕೈಗಿಟ್ಟು ನಾನು ಅಜ್ಜ ಅಂತ ಹಲ್ಲು ಕಿರಿಯುವುದು ಹೇಗೆ? ಹನ್ನೊಂದು ರಿಯಾಲು ಅಂತ ಮನಸ್ಸಿನಲ್ಲೇ ಗೊತ್ತು ಮಾಡಿದೆ.

ನನ್ನ ಬ್ಯಾಂಕಿನ ಕಾರ್ಡು ಯಾವಾಗಲೂ ಹೆಂಡತಿಯ ಪರ್ಸಿನಲ್ಲಿ ಇರುವುದು, ಆ ಪರ್ಸು ಮಸ್ಕತ್ತಿಗೆ ಹೋಗಿತ್ತು. ಫೋನಿನಲ್ಲಿ ದುಡ್ಡು ಕಳಿಸುವ ವಿದ್ಯೆ ನನಗೆ ಬಾರದು. ಹಾಗಾಗಿ ಬ್ರಹ್ಮಾವರದ ಬ್ಯಾಂಕಿಗೆ ಹೋಗಿ ಚೆಕ್ಕು ಬರೆದು, ಅಲ್ಲಿಯ ಕೈಖರ್ಚಿಗೂ ಇರಲಿ ಅಂತ ಐನೂರರ ನೋಟುಗಳ ಒಂದು ಕಟ್ಟು ತೆಗೆದುಕೊಂಡೆ. ಅಲ್ಲೇ, "ಇದಕ್ಕೆ ರಿಯಾಲು ಕೊಡಿ" ಅಂದೆ. ಕೌಂಟರಿನ ಹುಡುಗಿ ನಕ್ಕಳು.

"ರಿಯಾಲ್ ನಮ್ಮಲ್ ಇಪ್ಪುದಿಲ್ಲ ಅಂಕಲ್. ಮೇಲಿನ್ ಆಫೀಸಿಗ್ ಹೇಳಿ ತರ್ಸ್‌ಕ್, ದಿವ್ಸ ಹಿಡಿತ್. ಕಾರ್ಡ್ ಮಾಡಿ ಕೊಡ್ಲಾ? ಅಲ್ಲಿ ಉಜ್ಜಿರ್ ಆಯ್ತ್."

ಎಂಥಾ ಮಾತು! ಎರಡು ತಿಂಗಳ ಶಿಶುವಿನ ಮುಷ್ಟಿಗೆ ಕಾರ್ಡು ಇಟ್ಟು ಉಜ್ಜಿಕೋ ಅನ್ನಲೇ? ಅವಳ ಮೇಲೆ ಸಿಟ್ಟು ಬಂತು, ಪಾಪ, ಅವಳ ತಪ್ಪೇನೂ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಊಟ ಮಾಡಿ ಕುಂದಾಪುರದ ಬಸ್ಸು ಹತ್ತಿದೆ. ಮರುದಿನ ಬೆಳಿಗ್ಗೆಯೇ ಮಂಗಳೂರಿನಿಂದ ವಿಮಾನ. ಇಷ್ಟು ತಡ ಯಾಕೆ ಮಾಡಿದಿರಿ ಅಂತ ಕೇಳಬೇಡಿ, ಹೊರಡುವ ಮನೆಯಲ್ಲಿ ನೂರು ಕೆಲಸ. ಕುಂದಾಪುರದಲ್ಲಿ ಹೊರದೇಶದ ಹಣ ಬದಲಿಸಿ ಕೊಡುವ ಒಂದು ಸಣ್ಣ ಅಂಗಡಿಯಿದೆ ಅಂತ ಯಾರೋ ಹೇಳಿದ್ದರು. ಗಾಜಿನ ಹಿಂದೆ ಕೂತವನು ನನ್ನ ಮಾತು ಕೇಳಿ ತಲೆ ಎತ್ತಿದ.

"ಯಾವ್ ರಿಯಾಲ್? ಸೌದಿದಾ, ಕತಾರಿದಾ, ಒಮಾನಿದಾ?"

ನನಗೆ ಕಕ್ಕಾಬಿಕ್ಕಿ. ಮೂರು ದೇಶಕ್ಕೂ ರಿಯಾಲೇ, ಮೂರಕ್ಕೂ ಬೇರೆ ಬೇರೆ ಬೆಲೆ. ಬ್ರಹ್ಮಾವರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಇಪ್ಪತ್ತು ಚಿಲ್ಲರೆ ರೂಪಾಯಿಗೆ ಒಂದು ಅಂದಿದ್ದರು. ಇವನು ಒಮಾನಿನದಾದರೆ ಒಂದಕ್ಕೆ ಇನ್ನೂರರ ಮೇಲೆ ಆಗುತ್ತದೆ ಅಂದ. ನನ್ನ ಕೈಯ ಕಟ್ಟನ್ನು ನೋಡಿ ಇದಕ್ಕೆ ಇಷ್ಟು ಬರಬಹುದು ಅಂತ ಯಂತ್ರದಲ್ಲಿ ಒತ್ತಿ ತೋರಿಸಿದ. ಅಂಗಿ ಕಿಸೆಯಲ್ಲಿ ಹಿಡಿಯದ ಕಟ್ಟು ಹೋಗಿ ಬೀಡಿ ಕಟ್ಟಿನ ಕಾಗದದಷ್ಟು ಉಳಿಯುತ್ತಿತ್ತು. ಅದರ ಮೇಲೆ ಒಂದು ರಿಯಾಲಿಗೆ ಸಾವಿರ ಬೈಸೆಯಂತೆ. ನೂರು ಪೈಸೆಗೆ ಒಂದು ರೂಪಾಯಿ ಅಂತ ಬೆಳೆದ ತಲೆ, ಸಾವಿರ ಅಂದ ಕೂಡಲೇ ಕೂತುಬಿಟ್ಟಿತು.

"ಆಯ್ತ್ ಮಾರಾಯ, ಒಮಾನಿದೇ ಕೊಡ್" ಅಂದೆ.

"ಒಮಾನಿದ್ ಖಾಲಿ ಆಯ್ತ್. ಬೇಕಾರೆ ಡಾಲರ್ ತಕಣಿ, ಅಲ್ಲಿ ಹೋಯಿ ಬದ್ಲ್ ಮಾಡ್ಕಣಿ."

ಇಲ್ಲದ್ದಕ್ಕೆ ಇಷ್ಟು ಹೊತ್ತು ಲೆಕ್ಕ ಹೇಳಿಕೊಟ್ಟನಲ್ಲ ಪುಣ್ಯಾತ್ಮ! ರೂಪಾಯಿಯಿಂದ ಡಾಲರು, ಡಾಲರಿನಿಂದ ರಿಯಾಲು, ನಡುವೆ ಎರಡು ಸಲ ಇವರ ಕಮಿಷನ್ನು. ಮೆಟ್ಟಿಲಿಳಿದು ರಸ್ತೆಗೆ ಬಂದಾಗ ಥಟ್ಟನೆ ಅಕ್ಕನ ನೆನಪಾಯಿತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ. ನನ್ನ ಭಾವ ಇಪ್ಪತ್ತು ವರ್ಷ ಮಸ್ಕತ್ತಿನ ವರ್ಕ್‌ಶಾಪಿನಲ್ಲಿ ದುಡಿದು ಈಗಷ್ಟೇ ಬಿಟ್ಟು ಬಂದಿದ್ದರು. ಉಳಿದ ರಿಯಾಲು ಅಕ್ಕನ ಕಪಾಟಿನಲ್ಲಿದೆ ಅಂತ ಅವರೇ ಒಮ್ಮೆ ಹೇಳಿದ್ದರು. ಅಕ್ಕನ ಮನೆ ನಾವುಂದ. ಬೈಂದೂರು ಬಸ್ಸು ಬಂತು, ಹತ್ತಿದೆ.

ತ್ರಾಸಿ ದಾಟುವುದಕ್ಕೇ ತಾಸು ಹೋಯಿತು. ಕಡಲು ನೋಡಲು ಬಂದವರು ಕಾರುಗಳನ್ನು ರಸ್ತೆಯ ಬದಿಗೆ ಅಡ್ಡಾದಿಡ್ಡಿ ನಿಲ್ಲಿಸಿ ಫೋಟೋ ಹೊಡೆದುಕೊಳ್ಳುತ್ತಿದ್ದರು. ಡ್ರೈವರು ಹಾರನ್ನು ಬಡಿದ, ನಾನು ಒಳಗಿನಿಂದಲೇ ಅವರನ್ನೆಲ್ಲ ಬಯ್ದೆ. ನಾವುಂದದಲ್ಲಿ ಇಳಿದು ಅಕ್ಕನ ಅಂಗಳ ಮುಟ್ಟುವಾಗ ಸೂರ್ಯ ಕಡಲಿಗೆ ಬಿದ್ದಿದ್ದ. ಅಕ್ಕ ದೇವರ ಕೋಣೆಯಿಂದ ಕೈ ಒರೆಸಿಕೊಂಡು ಬಂದಳು.

"ಬಾ ಬಾ ತಮ್ಮ. ದೀಪ ಹೊತ್ಸಿ ಕೈ ಮುಗಿತಿದ್ದೆ, ನೀ ಬಂದೆ. ಮೊಮ್ಮಗಳ್ ಹ್ಯಾಂಗಿತ್ತ್?"

ಕುಡಿಯಲು ನೀರು ಬರುವ ಮೊದಲೇ ನಾನು ನೋಟಿನ ಕಟ್ಟನ್ನು ಅವಳ ಕೈಗಿಟ್ಟೆ. ಪುಕ್ಕಟೆ ಕೇಳಲು ಬಂದವನಲ್ಲ ಅಂತ ಮೊದಲೇ ತೋರಿಸುವ ಬುದ್ಧಿ, ಹೋಟೆಲಿನವರ ಜಂಬ. ಅಕ್ಕನ ಮುಖ ಅರಳಿತು. ಕಟ್ಟನ್ನು ಕಣ್ಣಿಗೊತ್ತಿಕೊಂಡು, "ದೀಪ ಹೊತ್ಸಿದ್ ಕೂಡ್ಲೇ ಲಕ್ಷ್ಮಿ ಬಂದ್ಳಲೆ!" ಅಂತ ಸೀದಾ ಒಳಗೆ ಹೋಗಿ ದೀಪದ ಮುಂದೆ ಇಟ್ಟು ಬಂದಳು. ಆಮೇಲೆ ಕೇಳಿದಳು, "ಎಂತಕ್ ಇದ್?"

ಹೇಳಿದೆ. ಅಷ್ಟಕ್ಕೂ ಬೇಡ, ಹನ್ನೊಂದು ರಿಯಾಲು ಕೊಟ್ಟರೆ ಸಾಕು, ಉಳಿದದ್ದು ನಿನ್ನಲ್ಲೇ ಇರಲಿ ಅಂತಲೂ ಹೇಳಿದೆ. ಅಕ್ಕ ನನ್ನನ್ನೇ ನೋಡಿದಳು.

"ಈಗ್ಳಾ? ಇವತ್ ಶುಕ್ರವಾರ ಅಲ್ದಾ? ದೀಪ ಹೊತ್ಸಿ ಆಯ್ತ್. ಇನ್ ದುಡ್ ಹೊರಗ್ ಕೊಡುಕ್ ಆತಿಲ್ಲ ಮಾರಾಯ. ನಾಳೆ ಬೆಳಿಗ್ಗೆ ಬಾ, ಕೊಡ್ತೆ."

"ನಾಳೆ ಬೆಳಿಗ್ಗೆ ನಾನ್ ವಿಮಾನದಗ್ ಇರ್ತೆ ಅಕ್ಕ."

"ಅದಕ್ ನಾನ್ ಎಂತ ಮಾಡುದ್? ನಿನ್ನೆ ಬಪ್ಪುಕ್ ನಿಂಗ್ ಎಂತ ಧಾಡಿ?"

ನಾನು ಕೂತಲ್ಲೇ ವಕೀಲನಾದೆ. ನಾನು ಕೊಟ್ಟದ್ದು ಒಳಗೆ ಬಂದಿದೆ, ನೀನು ಕೊಡುವುದು ಅದಕ್ಕಿಂತ ಕಡಿಮೆ, ಹಾಗಾದರೆ ಲಕ್ಷ್ಮಿ ಬಂದದ್ದೇ ಹೆಚ್ಚಲ್ಲವೇ ಅಂದೆ.

"ಬಪ್ಪುದ್ ಬಂತ್" ಅಂದಳು ಅಕ್ಕ, "ಹೋಪುದ್ ನಾಳೆ."

"ಅಕ್ಕ, ಅದ್ ನಮ್ ದೇಶದ್ ದುಡ್ಡೇ ಅಲ್ಲ. ಅದ್ರ ಮೇಲೆ ಅವ್ರ್ ರಾಜನ್ ಪಟ ಇಪ್ಪುದ್. ಅದ್ ಹ್ಯಾಂಗ್ ಲಕ್ಷ್ಮಿ ಆತ್?"

ಆ ಮಾತು ಆಡಬಾರದಿತ್ತು. ಅಕ್ಕನ ದನಿ ಏರಿತು.

"ಯಾರ್ ಪಟ ಇದ್ರ್ ಎಂತ? ಇವ್ರ್ ಇಪ್ಪತ್ ವರ್ಷ ಆ ಬಿಸ್ಲಗ್ ಬೆಂದ್ ತಂದದ್ ಅದೇ ಅಲ್ದಾ? ಅದೇ ದುಡ್ಡಲ್ ಈ ಮನಿ ಕಟ್ಟದ್, ಮಕ್ಳ್ ಮದಿ ಮಾಡದ್. ಅದ್ ಲಕ್ಷ್ಮಿ ಅಲ್ದಿದ್ರೆ ಮತ್ ಯಾವ್ದ್ ಲಕ್ಷ್ಮಿ?"

ಜಗಲಿಯಲ್ಲಿ ಕೂತ ಭಾವನ ಮುಖ ನೋಡಿದೆ. ಅವರು ಎರಡೂ ಕೈ ಎತ್ತಿಬಿಟ್ಟರು.

"ನನ್ನ್ ಕೇಣ್ಬೇಡಿ ಭಾವ. ಮಸ್ಕತ್ತಿನ್ ಪೊಲೀಸ್ರ್ ಬೇಕಾರ್ ಒಪ್ತ್ರ್, ನಿಮ್ ಅಕ್ಕ ಒಪ್ಪುದಿಲ್ಲ."

"ಹಂಗಾರೆ ನನ್ ರೂಪಾಯಿ ವಾಪಸ್ ಕೊಡ್" ಅಂದೆ. ದೀಪವನ್ನೇ ಊದಿ ಆರಿಸು ಅಂದೆನೋ ಅನ್ನುವ ಹಾಗೆ ಅಕ್ಕ ಬೆಚ್ಚಿದಳು.

"ದೀಪದ್ ಎದ್ರ್ ಇಟ್ಟದ್ದನ್ ತೆಗುದಾ? ಎಂತ ಮಾತಾಡ್ತೆ ನೀನ್? ನಿನ್ ದುಡ್ ಎಲ್ಲಿಗೂ ಹೋತಿಲ್ಲ. ಬಪ್ಪ ತಿಂಗ್ಳ್ ನಮ್ ಕೇರಿಯವ್ರ್ ಒಬ್ರ್ ಅಲ್ಲಿಗ್ ಹೋತ್ರ್, ಅವ್ರ ಕೈಯಗ್ ಕಳ್ಸ್ತೆ."

ಹೀಗೆ ರೂಪಾಯಿ ಒಳಗೆ ಹೋಯಿತು, ರಿಯಾಲು ಹೊರಗೆ ಬರಲಿಲ್ಲ. ನನ್ನ ಸ್ವಂತ ದುಡ್ಡು ನನ್ನ ಕಣ್ಣೆದುರಿಗೇ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಜಗಳ ಮಾಡೋಣವೆಂದರೆ ಯಾವ ಬಾಯಿಂದ? ಹುಬ್ಬಳ್ಳಿಯಲ್ಲಿ ಶುಕ್ರವಾರ ಸಂಜೆ ಗಲ್ಲಾದ ಮೇಲೆ ಊದುಬತ್ತಿ ಹಚ್ಚಿದ ಮೇಲೆ ಹಾಲಿನವನಿಗೂ ತರಕಾರಿಯವನಿಗೂ ನಾಳೆ ಬಾ ಅಂದವನು ನಾನೇ. ಅದು ಸರಿಯಾದರೆ ಅಕ್ಕನದೂ ಸರಿ. ಅಕ್ಕನದು ಸರಿಯಾದರೆ ನಾನು ಬರಿಗೈಯಲ್ಲಿ ಹೋಗುವುದೂ ಸರಿಯೇ? ಎಲ್ಲರೂ ಸರಿಯಾಗಿದ್ದು ಕೆಲಸ ಮಾತ್ರ ಕೆಟ್ಟದ್ದು ಹೇಗೆ ಅಂತ ನನಗೆ ಅವತ್ತು ತಿಳಿಯಲಿಲ್ಲ, ಇವತ್ತಿಗೂ ಸರಿಯಾಗಿ ತಿಳಿದಿಲ್ಲ.

ಹೊರಡುವಾಗ ಅಕ್ಕ ಮಗಳಿಗೆಂದು ಹಲಸಿನ ಹಪ್ಪಳದ ದೊಡ್ಡ ಕಟ್ಟು ಕೊಟ್ಟಳು. ಹಪ್ಪಳ ದೀಪ ಹಚ್ಚಿದ ಮೇಲೂ ಹೊರಗೆ ಹೋಗಬಹುದಂತೆ. ಗೇಟಿನ ತನಕ ಬಂದು ನನ್ನ ತಲೆ ಸವರಿ, "ಶಿಶುವಿಗ್ ನನ್ ಹೆಸ್ರಲ್ ಒಂದ್ ಮುತ್ ಕೊಡ್" ಅಂದಳು. ಸಿಟ್ಟಿನಲ್ಲಿ ನಾನು ತಿರುಗಿಯೂ ನೋಡದೆ ಬಸ್ಸಿನ ಕಡೆ ನಡೆದೆ.

ಬ್ರಹ್ಮಾವರದಲ್ಲಿ ಇಳಿದು ಮನೆಯ ದಾರಿಯಲ್ಲಿ ನಿಂತೆ. ನೆರೆಮನೆಯಲ್ಲಿ ಕೈಸಾಲ ಕೇಳಿದರೆ ಇಲ್ಲ ಅನ್ನುವವರಲ್ಲ. ಆದರೆ ಅವರ ಕಿಟಕಿಯಿಂದಲೂ ದೀಪ ಕಾಣುತ್ತಿತ್ತು. ಶುಕ್ರವಾರ ಅವರಿಗೂ ಶುಕ್ರವಾರವೇ. ಕೇಳಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ಬೇಡವೆಂದು ಬೀಗ ತೆಗೆದು ಮನೆಯೊಳಗೆ ಹೋದೆ.

ಮರುದಿನ ಊರು ಏಳುವ ಮೊದಲೇ ಕಾರು ಬಂತು. ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗುವ ಕಾರಿನವನಿಗೆ ಮೊದಲೇ ಬಾಡಿಗೆ ಕೊಟ್ಟಾಗಿತ್ತು. ಅಲ್ಲಿ ಒಳಗೆ ಕಾಲಿಡುತ್ತಿದ್ದ ಹಾಗೆಯೇ ಕಂಡಿತು, ಹಣ ಬದಲಿಸುವ ಕೌಂಟರು. ಬೋರ್ಡಿನಲ್ಲಿ ಎಲ್ಲ ದೇಶದ ಬಾವುಟ, ಒಮಾನಿನದೂ. ರಿಯಾಲು ಇದೆಯೇ ಅಂತ ಕೇಳಿದೆ. "ಎಷ್ಟು ಬೇಕು ಸರ್?" ಅಂದಳು ಅಲ್ಲಿದ್ದ ಹುಡುಗಿ. ನನ್ನ ಕಿಸೆಯಲ್ಲಿ ಇದ್ದದ್ದು ಒಂದು ನೂರರ ನೋಟು, ಬಸ್ಸಿನ ಚಿಲ್ಲರೆಯಲ್ಲಿ ಉಳಿದ ಒಂದು ರೂಪಾಯಿ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಕೊಡಲು ಕೈ ಚಾಚಿ ಕೂತಿದ್ದಳು, ದೇವರು ನಾವುಂದದಲ್ಲಿ ದೀಪದ ಮುಂದೆ ಇದ್ದ. ನೂರು ರೂಪಾಯಿಗೆ ಅರ್ಧ ರಿಯಾಲೂ ಬರುವುದಿಲ್ಲ ಸರ್ ಅಂತ ಅವಳು ಮೆಲ್ಲಗೆ ಹೇಳಿದಳು. ಅಷ್ಟು ಮೆಲ್ಲಗೆ ಹೇಳಿದ್ದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಮಸ್ಕತ್ತಿನಲ್ಲಿ ಅಳಿಯ ವಿಮಾನ ನಿಲ್ದಾಣದ ಬಾಗಿಲಲ್ಲೇ ನಿಂತಿದ್ದ. ಚೀಲ ಕಸಿದುಕೊಂಡು ಕಾರಿಗೆ ಹಾಕಿದ. ದಾರಿಯುದ್ದಕ್ಕೂ ಅದು ತೋರಿಸಿದ, ಇದು ತೋರಿಸಿದ, ನನಗೆ ಒಂದೂ ಕಣ್ಣಿಗೆ ಹತ್ತಲಿಲ್ಲ. ಮನೆಯಲ್ಲಿ ಕಾಲು ತೊಳೆದು ಬಂದು ಕೂತಾಗ ಹೆಂಡತಿ ಶಿಶುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. ಅಷ್ಟು ಹಗುರ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು.

ಬೇರೆ ದಾರಿ ಇರಲಿಲ್ಲ. ನೂರರ ನೋಟನ್ನು ಸಣ್ಣದಾಗಿ ಮಡಿಸಿ, ನಡುವೆ ಆ ಒಂದು ರೂಪಾಯಿ ಸೇರಿಸಿ ಪುಟ್ಟ ಮುಷ್ಟಿಯೊಳಗೆ ತೂರಿಸಿದೆ. ಮುಷ್ಟಿ ಮುಚ್ಚಿಕೊಂಡಿತು. ಮಗಳು ಬಗ್ಗಿ ನೋಡಿದಳು.

"ಅಪ್ಪಯ್ಯ, ಇದ್ ಇಲ್ ನಡುದಿಲ್ಲ."

"ಗೊತ್ತಿತ್ತ್ ಮಗಾ" ಅಂದೆ. ಬ್ಯಾಂಕು, ಕುಂದಾಪುರ, ನಾವುಂದ, ಅಕ್ಕನ ದೀಪ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಹೆಂಡತಿ ಹಣೆ ಚಚ್ಚಿಕೊಂಡಳು, ಅಳಿಯ ನಗು ತಡೆಯಲಾರದೆ ಅಡಿಗೆಕೋಣೆಗೆ ಹೋದ. ಮಗಳು ಮಾತ್ರ ನಗಲಿಲ್ಲ. ಶಿಶುವಿನ ಬೆರಳ ಸಂದಿಯಿಂದ ಇಣುಕುತ್ತಿದ್ದ ನೋಟಿನ ತುದಿಯನ್ನು ತುಂಬಾ ಹೊತ್ತು ಮುಟ್ಟಿ ನೋಡುತ್ತಿದ್ದಳು. ಆಮೇಲೆ ಶಿಶುವಿನ ಕಿವಿಯ ಹತ್ತಿರ ಬಾಯಿಟ್ಟು, "ಅಜ್ಜಯ್ಯ ಕೊಟ್ಟದ್ ಖರ್ಚ್ ಮಾಡ್ಕ್ ಅಂದ್ರೆ ಊರಿಗೇ ಹೋಯ್ಕ್ ಅಲ್ದಾ ಪುಟ್ಟಿ" ಅಂದಳು.

ನನಗೆ ಅಳು ಬಂದುಬಿಟ್ಟಿತು. ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ಮಗಳು ಎದ್ದು, ಅಡಿಗೆಕೋಣೆಯ ಕಡೆ ತಿರುಗಿ ಗಂಡನನ್ನು ಕೂಗಿದಳು.

"ಹ್ವಾಯ್, ದೀಪಾವಳಿಗ್ ಮಂಗ್ಳೂರಿಗ್ ಟಿಕೆಟ್ ಎಷ್ಟಿತ್ತ್ ಕಾಣಿ. ಮೂರ್ ಜನಕ್ಕೆ."